ದೀಪ ಹೊಸದು, ತಂತಿ ಹಳೆಯದು

ಗುಡಗೇರಿಯಂಥ ಊರಿನ ಹಳೆಯ ಮಣ್ಣಿನ ಮಾಳಿಗೆ ಮನೆಯಲ್ಲಿ ಕರೆಂಟಿನ ತಂತಿ ತೊಲೆಗೆ ಬಡಿದ ಕಟ್ಟಿಗೆ ಪಟ್ಟಿಯ ಮೇಲೆ ಹಾಯ್ದಿರುತ್ತದೆ. ಇಂಥ ಮನೆಗೆ ಹೊಸ ದೀಪ ಹಾಕಿಸುವ ಮುನ್ನ ಹತ್ತನೆಯ ತರಗತಿಯ ಒಂದು ಲೆಕ್ಕ ಮಾಡಬೇಕು. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ.

60 ವ್ಯಾಟಿನ ಆರು ಹಳೆಯ ಬಲ್ಬು ಸೇರಿದರೆ 360 ವ್ಯಾಟ್. 230 ವೋಲ್ಟಿನಲ್ಲಿ ಸುಮಾರು 1.6 ಆಂಪಿಯರ್. 2015ರಲ್ಲಿ ಆರಂಭವಾದ ಉಜಾಲಾ ಯೋಜನೆಯಲ್ಲಿ ಹಂಚಿದ 9 ವ್ಯಾಟಿನ ಎಲ್‌ಇಡಿ ಬಲ್ಬಿನ ಬೆಳಕೇನೂ ಕಡಿಮೆಯಲ್ಲ. ಆದರೆ ಆರಕ್ಕೂ ಸೇರಿ ಕಾಲು ಆಂಪಿಯರ್ ಕೂಡ ಆಗದು. ದೀಪದಿಂದ ತಂತಿಗೆ ಭಾರವಿಲ್ಲ.

ತೊಂದರೆ ಆಮೇಲೆ. ‘ಭಾರ ಇಳಿಯಿತಲ್ಲ’ ಎಂದು ಅದೇ ಸಾಲಿಗೆ ನೀರು ಕಾಯಿಸುವ 1500 ವ್ಯಾಟಿನ ಕಾಯಿಲ್, 1000 ವ್ಯಾಟಿನ ಇಸ್ತ್ರಿಪೆಟ್ಟಿಗೆ ಎರಡನ್ನೂ ಹಚ್ಚುತ್ತೇವೆ. ಪ್ರವಾಹ 11 ಆಂಪಿಯರ್ ಹತ್ತಿರ ಹೋಗುತ್ತದೆ. ದೀಪದ ಸಾಲಿನ 5 ಆಂಪಿಯರ್ ಫ್ಯೂಸು ಕರಗುತ್ತದೆ. ಆಗ ದಪ್ಪ ತಂತಿ ಸುತ್ತಿದರೆ ಕಾವಲುಗಾರನ ಕಣ್ಣು ಕಟ್ಟಿದಂತೆ. ಪ್ರವಾಹ ಎರಡು ಪಟ್ಟಾದರೆ ತಂತಿಯಲ್ಲಿ ಹುಟ್ಟುವ ಶಾಖ ನಾಲ್ಕು ಪಟ್ಟು. ಮೇಲಿನ ಹೊದಿಕೆ ಒಣಗಿ ಬಿರಿಯುತ್ತದೆ. ಕೆಳಗಿರುವುದು ಒಣ ಕಟ್ಟಿಗೆ.

ಕಾಯಿಲಿಗೆ ಪ್ರತ್ಯೇಕ ದಪ್ಪ ತಂತಿ, ದೊಡ್ಡ ಪ್ಲಗ್, ಸರಿಯಾದ ಅರ್ಥಿಂಗ್ ಬೇಕು. ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸಿರಿ. ಮಂಜೂರಾದ ಲೋಡು ಸಾಲದಿದ್ದರೆ ಹೆಸ್ಕಾಂಗೆ ಅರ್ಜಿ ಕೊಡಿರಿ.

ವಿದ್ಯಾರ್ಥಿಗಳೇ, ತಂತಿ ಮುಟ್ಟಬೇಡಿ. ಇಂದು ಸಂಜೆ ಮನೆಯ ಉಪಕರಣಗಳ ಮೇಲಿನ ವ್ಯಾಟ್ ಬರೆದು ಕೂಡಿಸಿ, ತಂದೆ-ತಾಯಿಗೆ ತೋರಿಸಿರಿ. ಪರೀಕ್ಷೆಯಲ್ಲಿ ಇದು ಎರಡು ಅಂಕದ ಲೆಕ್ಕ. ಮನೆಯಲ್ಲಿ ಅದರ ಬೆಲೆಯೇ ಬೇರೆ.