ಪಾರ್ಶ್ವವಾಯುವಿನ ಅನಂತರ: ಕಾಲಿನ ಬಲವೂ ನಡಿಗೆಯೂ

ತರಗತಿಯಲ್ಲಿ ಲೋಲಕವನ್ನು ವಿವರಿಸುವಾಗ ನಾವು ಮನುಷ್ಯನ ನಡಿಗೆಯನ್ನೂ ಉದಾಹರಿಸುವುದುಂಟು. ನಡೆಯುವವನು ತಲೆಕೆಳಗಾದ ಲೋಲಕದಂತೆ. ನೆಲದಲ್ಲಿ ಊರಿದ ಪಾದವೇ ಆಧಾರ. ದೇಹದ ಭಾರವು ಅದರ ಮೇಲೆ ಕಮಾನಿನಂತೆ ಏರಿ ಇಳಿಯುತ್ತದೆ. ಏರುವಾಗ ಕುಗ್ಗಿದ ವೇಗದ ಬಹುಭಾಗವು ಇಳಿಯುವಾಗ ಮರಳಿ ದೊರೆಯುತ್ತದೆ. ಆದರೂ ಪ್ರತಿ ಹೆಜ್ಜೆಯಲ್ಲಿಯೂ ಸ್ವಲ್ಪ ಶಕ್ತಿ ನಷ್ಟವಾಗುತ್ತದೆ. ಅದನ್ನು ತುಂಬಿಕೊಡುವುದರಲ್ಲಿ ಮೀನಖಂಡದ ಸ್ನಾಯುಗಳದೇ ದೊಡ್ಡ ಪಾಲು. ಹಿಂದಿನ ಕಾಲು ನೆಲವನ್ನು ಬಿಡುವ ಮುನ್ನ ಅವು ದೇಹವನ್ನು ಮುಂದಕ್ಕೆ ನೂಕುತ್ತವೆ.

ಮೆದುಳಿನ ರಕ್ತನಾಳವು ಕಟ್ಟಿಕೊಂಡಾಗ ಇಲ್ಲವೆ ಒಡೆದಾಗ ಈ ಏರ್ಪಾಡು ಕೆಡುತ್ತದೆ. ಮೆದುಳಿನಿಂದ ಹೊರಟ ಆಜ್ಞಾವಾಹಕ ನರತಂತುಗಳಲ್ಲಿ ಹೆಚ್ಚಿನವು ಅದರ ಬುಡದಲ್ಲಿ ಅಡ್ಡಹಾಯುವುದರಿಂದ, ಎಡಭಾಗಕ್ಕೆ ಪೆಟ್ಟಾದರೆ ಬಲಗಾಲು ಸೋಲುತ್ತದೆ. ಸ್ನಾಯುವಿಗೆ ಮೊದಲು ಯಾವ ಕೇಡೂ ತಗುಲಿರುವುದಿಲ್ಲ. ಅಪ್ಪಣೆಯು ಸರಿಯಾಗಿ ತಲಪುವುದಿಲ್ಲ, ಅಷ್ಟೆ. ಆದರೆ ಕೆಲಸವಿಲ್ಲದೆ ಬಿದ್ದ ಸ್ನಾಯುವು ಕೆಲವೇ ವಾರಗಳಲ್ಲಿ ಸೊರಗತೊಡಗುತ್ತದೆ. ಹೀಗೆ ಒಂದು ದೌರ್ಬಲ್ಯದ ಮೇಲೆ ಇನ್ನೊಂದು ಸೇರುತ್ತದೆ.

ಭಾರವನ್ನು ಕ್ರಮವಾಗಿ ಹೆಚ್ಚಿಸುತ್ತ ಸ್ನಾಯುಬಲವನ್ನು ಮರಳಿ ಗಳಿಸುವ ವಿಧಾನವನ್ನು ಅಮೆರಿಕದ ಸೇನಾವೈದ್ಯ ಥಾಮಸ್ ಡಿಲಾರ್ಮ್ 1945ರಲ್ಲಿ ಪ್ರಕಟಿಸಿದರು. ಪಾರ್ಶ್ವವಾಯು ಪೀಡಿತರಿಗೆ ಮಾತ್ರ ಇದು ಬಹುಕಾಲ ಒಗ್ಗದ ಚಿಕಿತ್ಸೆಯಾಗಿತ್ತು. ಹೆಚ್ಚು ಶ್ರಮಪಟ್ಟರೆ ಸ್ನಾಯುಗಳ ಸೆಡೆತವು ಬಲಿಯುವುದೆಂದು ಲಂಡನ್ನಿನ ಬೋಬಾತ್ ದಂಪತಿಗಳ ಚಿಕಿತ್ಸಾಪದ್ಧತಿಯು ಎಚ್ಚರಿಸುತ್ತಿತ್ತು. 1990ರ ದಶಕದಿಂದೀಚಿನ ಪರೀಕ್ಷೆಗಳು ಈ ಭಯವನ್ನು ಎತ್ತಿಹಿಡಿಯಲಿಲ್ಲ. ಬಲವು ಹೆಚ್ಚಿತು, ಸೆಡೆತವು ಹೆಚ್ಚಲಿಲ್ಲ.

ಹಾಗೆಂದು ಬಲ ಬಂದೊಡನೆ ನಡಿಗೆಯು ತಾನಾಗಿ ಸುಧಾರಿಸುವುದೇ? ಇಲ್ಲ. ಕುಳಿತು ಭಾರವನ್ನೆತ್ತಿದವನು ಭಾರವೆತ್ತುವುದರಲ್ಲಿ ಜಾಣನಾಗುತ್ತಾನೆ. ಗಳಿಸಿದ ಬಲವನ್ನು ನಡಿಗೆಯಲ್ಲಿ ಹೂಡುವುದನ್ನು ಮೆದುಳು ಬೇರೆಯಾಗಿ ಕಲಿಯಬೇಕು. ಆದುದರಿಂದ ಕುರ್ಚಿಯಿಂದ ಏಳುವುದು, ಮೆಟ್ಟಿಲೇರುವುದು, ಹಿಮ್ಮಡಿಯನ್ನೆತ್ತಿ ತುದಿಗಾಲಲ್ಲಿ ನಿಲ್ಲುವುದು ಮುಂತಾದ ಅಭ್ಯಾಸಗಳು ನಡಿಗೆಯ ಅಭ್ಯಾಸದೊಡನೆಯೇ ಸಾಗಬೇಕು. ಇಲ್ಲಿ ತೂಕದ ಬಿಲ್ಲೆಗಳೂ ಬೇಕಿಲ್ಲ. ಆಸನವು ತಗ್ಗಿದಷ್ಟೂ ಏಳುವಾಗ ಮಂಡಿಯ ಸ್ನಾಯುಗಳು ಒದಗಿಸಬೇಕಾದ ತಿರುಗುಬಲವು ಹೆಚ್ಚುತ್ತದೆ. ಎತ್ತರದ ಆಸನದಿಂದ ತೊಡಗಿ ಅದನ್ನು ಮೆಲ್ಲಮೆಲ್ಲನೆ ತಗ್ಗಿಸಿದರೆ ಭಾರವನ್ನು ಏರಿಸಿದಂತೆಯೇ ಆಯಿತು. ವೈದ್ಯರು ರಕ್ತದೊತ್ತಡವನ್ನೂ ಹೃದಯವನ್ನೂ ಪರೀಕ್ಷಿಸಿ ಒಪ್ಪಿದ ಮೇಲೆಯೇ ಇದನ್ನು ಆರಂಭಿಸತಕ್ಕದ್ದು, ಉಸಿರನ್ನು ಬಿಗಿಹಿಡಿಯಕೂಡದು, ಬೀಳದಂತೆ ಹಿಡಿಯಲು ಒಬ್ಬರು ಬಳಿಯಲ್ಲಿರಬೇಕು.

ಇಷ್ಟರಿಂದ ದೊರೆಯುವ ಲಾಭವೇನು? ಜಾಕ್ವೆಲಿನ್ ಪೆರಿ ಮತ್ತು ಸಂಗಡಿಗರು 1995ರಲ್ಲಿ ಒಂದು ಅಳತೆಯನ್ನು ಕೊಟ್ಟರು. ಸೆಕೆಂಡಿಗೆ 0.4 ಮೀಟರಿಗಿಂತ ನಿಧಾನವಾಗಿ ನಡೆಯುವವರ ಓಡಾಟವು ಬಹುಮಟ್ಟಿಗೆ ಮನೆಯೊಳಗೇ, 0.8 ಮೀಟರನ್ನು ದಾಟಿದವರು ಊರಿನಲ್ಲಿ ಸ್ವತಂತ್ರವಾಗಿ ಸಂಚರಿಸಬಲ್ಲರು. 10 ಮೀಟರು ಅಗಲದ ರಸ್ತೆಯನ್ನು ದಾಟಲು ಮೊದಲಿನವರಿಗೆ 25 ಸೆಕೆಂಡುಗಳಿಗೂ ಹೆಚ್ಚು ಬೇಕು. ಎರಡನೆಯವರಿಗೆ ಹನ್ನೆರಡೂವರೆ ಸೆಕೆಂಡು ಸಾಕು. ಎದುರಿನ ಅಂಗಡಿಗೆ ಒಬ್ಬರೇ ಹೋಗಿಬರುವುದು ಈ ಅಂತರದ ಮೇಲೆ ನಿಂತಿದೆ.