ಸೌಟು ಹಿಡಿದ ನಾವಿಕರು

ಹಲಸೂರು, ಶಿವಾಜಿನಗರ, ಇಂದಿರಾನಗರದ ಕಡೆ ‘ನಮ್ಮಪ್ಪ ಮಿಲಿಟರಿಯಲ್ಲಿದ್ದರು’ ಎನ್ನುವವರಿಗೆ ಕೊರತೆಯಿಲ್ಲ. ಮದ್ರಾಸ್ ಸ್ಯಾಪರ್ಸ್ ಕೇಂದ್ರವಿರುವ ಕಂಟೋನ್ಮೆಂಟ್ ಅಲ್ಲವೇ? ಹಲಸೂರು ಕೆರೆಯನ್ನು ಬಿಟ್ಟರೆ ಬೇರೆ ದೊಡ್ಡ ನೀರು ಕಾಣದ ಈ ಸೀಮೆಯಲ್ಲಿ ‘ನೇವಿಯಲ್ಲಿದ್ದರು’ ಎನ್ನುವವರು ಕಡಿಮೆ. ‘ನೇವಿಯಲ್ಲಿ ಅಡುಗೆಯವರಾಗಿದ್ದರು’ ಎನ್ನಬೇಕಾದಾಗ ಮಕ್ಕಳ ದನಿ ಏಕೋ ತಗ್ಗುತ್ತದೆ. ಸೌಟು ಹಿಡಿದವರನ್ನು ಯೋಧರ ಲೆಕ್ಕಕ್ಕೆ ಸೇರಿಸಲು ನಮಗಿನ್ನೂ ಹಿಂಜರಿಕೆ. ಆದರೆ ನಮ್ಮ ನೌಕಾಪಡೆಯ ಚರಿತ್ರೆಯ ದೊಡ್ಡ ಅಧ್ಯಾಯವೊಂದು ಆರಂಭವಾದದ್ದೇ ಊಟದ ತಟ್ಟೆಯಿಂದ.

ಎರಡನೇ ಮಹಾಯುದ್ಧಕ್ಕೆ ಮೊದಲು ಎರಡು ಸಾವಿರದಷ್ಟಿದ್ದ ರಾಯಲ್ ಇಂಡಿಯನ್ ನೇವಿಯ ಬಲ 1945ರ ವೇಳೆಗೆ 25 ಸಾವಿರ ದಾಟಿತ್ತು. ಯುದ್ಧವೇನೋ ಮುಗಿಯಿತು. ಮನೆಗೆ ಹೊರಟವರಿಗೆ ಮುಂದಿನ ಕೆಲಸದ ಚಿಂತೆ. ಉಳಿದವರಿಗೆ ಕೆಟ್ಟ ಊಟ, ತಾರತಮ್ಯದ ಸಂಬಳ, ಬಿಳಿಯ ಅಧಿಕಾರಿಗಳ ಬೈಗುಳ. 1946ರ ಫೆಬ್ರುವರಿ 18ರಂದು ಮುಂಬಯಿಯ ‘ತಲ್ವಾರ್’ ತರಬೇತಿ ಕೇಂದ್ರದ ನಾವಿಕರು ಬೆಳಗಿನ ಉಪಾಹಾರ ನಿರಾಕರಿಸಿದರು. ಆ ಕಿಡಿ ಕರಾಚಿಯವರೆಗೂ ಹಬ್ಬಿತು. ಸುಮಾರು 20 ಸಾವಿರ ನಾವಿಕರು ಮುಷ್ಕರ ಹೂಡಿದರು. ಅವರು ಹಸಿದಿರಬಾರದೆಂದು ಮುಂಬಯಿಯ ಜನ ಗೇಟ್‌ವೇ ಆಫ್ ಇಂಡಿಯಾ ಬಳಿಗೆ ಆಹಾರದ ಪೊಟ್ಟಣಗಳನ್ನು ಹೊತ್ತು ತಂದರು. 23ರಂದು ದಂಗೆ ಮುಗಿಯಿತು. ನೂರಾರು ಮಂದಿ ನೌಕರಿ ಕಳೆದುಕೊಂಡರು.

ಅಂದಿನ ಬೇಳೆ-ಬ್ರೆಡ್ಡಿಗೆ ಅಡುಗೆಯವನನ್ನು ದೂರಿ ಪ್ರಯೋಜನವಿರಲಿಲ್ಲ. ಅವನ ಕೈಯಲ್ಲಿದ್ದದ್ದು ಸೌಟು, ಉಗ್ರಾಣದ ಬೀಗದ ಕೈಯಲ್ಲ.

ಸ್ವಾತಂತ್ರ್ಯದ ನಂತರ ಯುದ್ಧಕಾಲದ ಬ್ರಿಟಿಷ್ ಹಡಗುಗಳು ಒಂದೊಂದಾಗಿ ನಮ್ಮ ಪಾಲಿಗೆ ಬಂದವು. ಮಹಾಯುದ್ಧದಲ್ಲಿ ‘ನೈಜೀರಿಯಾ’ ಆಗಿದ್ದ ಕ್ರೂಸರ್ 1957ರಲ್ಲಿ ‘ಐಎನ್‌ಎಸ್ ಮೈಸೂರು’ ಆಯಿತು; ಅದರ ಲಾಂಛನ ನಮ್ಮ ಗಂಡಭೇರುಂಡ. ಇಂಥ ಹಡಗಿನಲ್ಲಿ ನೂರಾರು ಜನರಿಗೆ ಮೂರು ಹೊತ್ತೂ ಬೇಯಿಸಬೇಕು. ಗ್ಯಾಲಿ ಎಂದು ಕರೆಯುವ ಅಡುಗೆಮನೆ ಇಕ್ಕಟ್ಟು, ಉರಿ ಸೆಕೆ. ಹಡಗು ಹೊಯ್ದಾಡುವಾಗ ಪಾತ್ರೆ ಜಾರದಂತೆ ಒಲೆಯ ಸುತ್ತ ಕಬ್ಬಿಣದ ಅಡ್ಡಪಟ್ಟಿ. ಸಾರನ್ನು ಪಾತ್ರೆಯ ಕಂಠದವರೆಗೆ ತುಂಬುವಂತಿಲ್ಲ. ತುಂಬಿದರೆ ಕುದಿಯುವ ಸಾರು ಮೈಮೇಲೆ! ಸಿಹಿನೀರನ್ನೂ ಅಳೆದು ಬಳಸಬೇಕು. ನಡುರಾತ್ರಿಯ ಪಹರೆಯವರಿಗೂ ಬಿಸಿಯಾಗಿ ಕುಡಿಯಲು ಏನಾದರೂ ಬೇಕು.

ಇಷ್ಟೇ ಆಗಿದ್ದರೆ ಅದನ್ನು ದೊಡ್ಡ ಛತ್ರದ ಅಡುಗೆ ಎನ್ನಬಹುದಿತ್ತು. ಆದರೆ ಕದನದ ಕರೆಗಂಟೆ ಮೊಳಗಿತೆಂದರೆ ಅಡುಗೆಯವನಿಗೂ ಒಂದು ಠಾಣೆ ಗೊತ್ತಾಗಿರುತ್ತದೆ: ಗಾಯಾಳುಗಳ ಶುಶ್ರೂಷೆ, ಬೆಂಕಿ ಆರಿಸುವುದು, ಮದ್ದುಗುಂಡು ಸಾಗಿಸುವುದು. 1971ರ ಡಿಸೆಂಬರ್ 9ರ ರಾತ್ರಿ ದೀವ್ ಸಮೀಪ ‘ಐಎನ್‌ಎಸ್ ಖುಕ್ರಿ’ ಮುಳುಗಿದಾಗ 18 ಅಧಿಕಾರಿಗಳು, 176 ನಾವಿಕರು ಜಲಸಮಾಧಿಯಾದರು. ಟಾರ್ಪೆಡೊ ಹುದ್ದೆ ಕೇಳಿ ಬಡಿಯುವುದಿಲ್ಲ.

ಈಗ ಈ ಹುದ್ದೆಯ ಹೆಸರು ‘ಶೆಫ್’. ಹೆಸರಿಗೆ ಗೌರವ ಬಂದಿದೆ. ಹಳಬರ ಸೇವೆಗೂ ಅದು ಸಲ್ಲಬೇಡವೇ? ನಾವಿಕರ ಸೇವಾ ದಾಖಲೆಗಳ ವ್ಯವಹಾರ ಮುಂಬಯಿಯ ಮಾನ್‌ಖುರ್ದ್‌ನಲ್ಲಿರುವ ಬ್ಯೂರೋ ಆಫ್ ಸೇಲರ್ಸ್‌ನದು. ಮಾಜಿ ಸೈನಿಕರ ಕುಟುಂಬಗಳ ವಿಚಾರಣೆಗೆ ಬೆಂಗಳೂರಿನಲ್ಲೇ ಸೈನಿಕ ಕಲ್ಯಾಣ ಇಲಾಖೆಯಿದೆ. ಅಪ್ಪನ ಹಳೆಯ ಟ್ರಂಕಿನಲ್ಲಿ ಬಿಡುಗಡೆ ಪತ್ರವಿದ್ದರೆ ತೆಗೆದು ನೋಡಿ. ‘ಕುಕ್’ ಎಂಬ ಪದವನ್ನಷ್ಟೇ ಓದಿ ಮಡಚಿಡಬೇಡಿ. ಯಾವ ಹಡಗು, ಯಾವ ವರ್ಷ ಎಂಬುದನ್ನೂ ಓದಿ, ಮೊಮ್ಮಕ್ಕಳಿಗೂ ಹೇಳಿ.