ಹೊಳೆಯುವ ಸ್ಟೀಲಿನ ಒಳಗೊಂದು ಬಿರುಕು

ಸ್ಟೀಲ್ ಕೊಳ್ಳುವಾಗ ನಾವು ಹೊಳಪು ನೋಡುತ್ತೇವೆ. ತುಕ್ಕು ಹಿಡಿಯದು ಎಂದ ಮೇಲೆ ಇನ್ನೇನು ಭಯ ಎನ್ನುತ್ತೇವೆ. ನಾನೂ ಹಾಗೆಯೇ ನಂಬಿದ್ದೆ. ಹೋದ ದೀಪಾವಳಿಗೆ ಮುಂಚೆ ಬಣ್ಣ ಬಳಿಯಲು ಬಂದ ಹುಡುಗ, ಕಡಲಿಗೆ ಮುಖ ಮಾಡಿದ ನಮ್ಮ ಮುಂಬಯಿ ಮನೆಯ ಬಾಲ್ಕನಿಯಲ್ಲಿ ಉಯ್ಯಾಲೆಯ ಸ್ಟೀಲ್ ಕೊಕ್ಕೆ ತೋರಿಸಿದ. ಅದರ ಬಾಗಿನಲ್ಲಿ ಕೂದಲೆಳೆಯಂಥ ಕಂದು ಗೆರೆ. ಒರೆಸಿದರೂ ಹೋಗಲಿಲ್ಲ. ಬಿರುಕು! ಆ ಉಯ್ಯಾಲೆಯಲ್ಲಿ ದಿನವೂ ಆಡುವವಳು ನನ್ನ ಮೊಮ್ಮಗಳು.

ನಮ್ಮ ಕಟ್ಟಡದ ನಿವೃತ್ತ ಎಂಜಿನಿಯರೊಬ್ಬರು ಕಾರಣ ಬಿಡಿಸಿ ಹೇಳಿದರು. ಅಡುಗೆಮನೆಯ 18/8 ಸ್ಟೀಲಿನಲ್ಲಿ ನೂರಕ್ಕೆ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್ ಇರುತ್ತದೆ. ಕ್ರೋಮಿಯಂ ಗಾಳಿಯ ಆಮ್ಲಜನಕದೊಡನೆ ಸೇರಿ ಕಣ್ಣಿಗೆ ಕಾಣದ ಪೊರೆ ಕಟ್ಟುತ್ತದೆ. ತುಕ್ಕನ್ನು ತಡೆಯುವುದು ಈ ಪೊರೆಯೇ. ಉಪ್ಪಿನಲ್ಲಿರುವ ಕ್ಲೋರೈಡ್ ಇದನ್ನು ಅಲ್ಲಲ್ಲಿ ಭೇದಿಸಬಲ್ಲದು. ಅದೇ ಜಾಗದಲ್ಲಿ ಭಾರದ ಎಳೆತವೂ ಇದ್ದರೆ ಬಿರುಕು ಒಳಗೊಳಗೇ ಬೆಳೆಯಬಹುದು. ಇದಕ್ಕೆ ಸ್ಟ್ರೆಸ್ ಕರೋಷನ್ ಎಂದು ಹೆಸರು.

ಇನ್ನೊಂದು, ಲೋಹದ ದಣಿವು. ಹೇರ್‌ಪಿನ್ನನ್ನು ಒಮ್ಮೆ ಬಗ್ಗಿಸಿದರೆ ಮುರಿಯದು. ಹಿಂದಕ್ಕೂ ಮುಂದಕ್ಕೂ ಹಲವು ಸಲ ಬಗ್ಗಿಸಿ ನೋಡಿ! ಉಯ್ಯಾಲೆಯ ಜೀಕು ಹಗುರವೇ, ಆದರೆ ಅದು ಲಕ್ಷಾಂತರ ಸಲ. ಹೆಚ್ಚು ಬಲದ ಉಕ್ಕು ಹಾಕಿದರೆ ಸಾಕಲ್ಲವೇ ಎನ್ನಬೇಡಿ. ಬಲ ಹೆಚ್ಚಿದಂತೆ ಇಂಥ ಬಿರುಕಿಗೆ ಬೇಗ ಸೋಲುವ ಉಕ್ಕುಗಳೂ ಇವೆ.

ಸ್ವಿಟ್ಜರ್ಲೆಂಡಿನ ಉಸ್ಟರ್ ಎಂಬ ಊರಿನಲ್ಲಿ 1985ರ ಮೇ 9ರಂದು ಈಜುಕೊಳದ ಮೇಲಿನ ಕಾಂಕ್ರೀಟ್ ಚಾವಣಿ ಕುಸಿದು 12 ಮಂದಿ ಸತ್ತರು. ಚಾವಣಿಯನ್ನು ತೂಗಿ ಹಿಡಿದಿದ್ದವು ಸ್ಟೇನ್‌ಲೆಸ್ ಸ್ಟೀಲ್ ಸರಳುಗಳು. ಕೊಳದ ಗಾಳಿಯಲ್ಲಿದ್ದ ಕ್ಲೋರಿನ್ ಅಂಶ ವರ್ಷಗಟ್ಟಲೆ ಅವುಗಳ ಮೇಲೆ ಕೂತು, ಭಾರದೊಡನೆ ಸೇರಿ, ಸರಳುಗಳನ್ನು ಸೀಳಿತ್ತು.

ಪಾತ್ರೆಗಳ ಬಗ್ಗೆ ಹೆದರಬೇಡಿ. ನೀರು ಕುದಿದ ಮೇಲೆ ಉಪ್ಪು ಹಾಕಿ ಕಲಕಿ; ಉಪ್ಪಿನಕಾಯಿ ಅಜ್ಜಿಯ ಕಾಲದಂತೆ ಜಾಡಿಯಲ್ಲೇ ಇರಲಿ. ಆದರೆ ಭಾರ ಹೊರುವ ಉಯ್ಯಾಲೆ ಕೊಕ್ಕೆ, ಬಾಲ್ಕನಿಯ ಕಂಬಿಗಳನ್ನು ಆಗಾಗ ಸಿಹಿನೀರಿನಲ್ಲಿ ತೊಳೆದು ಒರೆಸಿ. ಬಾಗು, ಬೆಸುಗೆಗಳನ್ನು ಟಾರ್ಚ್ ಹಿಡಿದು ನೋಡಿ. ಗೆರೆ ಕಂಡರೆ ಪಾಲಿಶ್ ಮಾಡಿಸಿ ಸುಮ್ಮನಾಗದೆ, ಬಳಸುವುದನ್ನು ನಿಲ್ಲಿಸಿ, ತಿಳಿದವರಿಗೆ ತೋರಿಸಿ.

ನಮ್ಮ ಕೊಕ್ಕೆ ಬದಲಾಯಿತು. “ಅಜ್ಜೀ, ಈಗ ಜೀಕಬಹುದಾ?” ಎಂದಳು ಮೊಮ್ಮಗಳು. ಹೂಂ ಎನ್ನುವ ಮೊದಲು ನಾನು ಇನ್ನೊಮ್ಮೆ ಮೇಲೆ ನೋಡಿದೆ. ಈ ಭಾನುವಾರ ನೀವೂ ಒಮ್ಮೆ ನೋಡಿ.